ಚಿತ್ರದಲ್ಲಿ ಛಾಯೆಯೂ ಚೌರ್ಯವೂ

ಮುಖಪುಟದ ಚಿತ್ರಗಳಲ್ಲಿ ಒಬ್ಬನ ಕೃತಿಯನ್ನು ಇನ್ನೊಬ್ಬನು ತೆಗೆದುಕೊಂಡಾಗ ಅದನ್ನು ಗೌರವವೆನ್ನಬೇಕೋ ಅಪಹರಣವೆನ್ನಬೇಕೋ ಎಂಬ ಚರ್ಚೆಯು ಆಗಾಗ ಏಳುತ್ತದೆ. ಕಾವ್ಯದ ವಿಷಯದಲ್ಲಿ ನಮ್ಮ ಆಲಂಕಾರಿಕರು ಇದನ್ನು ಬಹು ಹಿಂದೆಯೇ ವಿಚಾರಮಾಡಿರುವರು. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಸಾದೃಶ್ಯವನ್ನು ಮೂರು ಬಗೆಯಾಗಿ ವಿಭಾಗಿಸಿದ್ದಾನೆ: ಪ್ರತಿಬಿಂಬದಂತಹುದು, ಬರೆದ ಚಿತ್ರದಂತಹುದು, ಇಬ್ಬರು ಮನುಷ್ಯರ ದೇಹಗಳ ಹೋಲಿಕೆಯಂತಹುದು. ಮೊದಲಿನೆರಡು ತ್ಯಾಜ್ಯ, ಮೂರನೆಯದರಲ್ಲಿ ಆತ್ಮವು ಬೇರೆಯಾದುದರಿಂದ ಅದು ಗ್ರಾಹ್ಯ. ಈ ಅಳತೆಗೋಲನ್ನು ಚಿತ್ರಕಲೆಗೇ ಹಿಡಿದು ನೋಡಬಹುದು.

1886ರ ಮೇ ತಿಂಗಳಲ್ಲಿ ‘ಪಾರಿ ಇಲ್ಯುಸ್ತ್ರೆ’ ಎಂಬ ಫ್ರೆಂಚ್ ಪತ್ರಿಕೆಯು ತನ್ನ ಜಪಾನ್ ಸಂಚಿಕೆಯ ಮುಖಪುಟದಲ್ಲಿ ಕೇಸಾಯ್ ಐಸೆನ್ ಎಂಬ ಜಪಾನೀ ಚಿತ್ರಕಾರನು ಬರೆದ ಗಣಿಕೆಯೊಬ್ಬಳ ಚಿತ್ರವನ್ನು ಅಚ್ಚುಹಾಕಿತು. ಅದೂ ಎಡಬಲಗಳು ಅದಲುಬದಲಾಗಿ. ಅಕ್ಷರಶಃ ಪ್ರತಿಬಿಂಬವೇ ಸರಿ! ಮರುವರ್ಷ ಡಚ್ ಚಿತ್ರಕಾರನಾದ ವ್ಯಾನ್ ಗೋ ಆ ಮುಖಪುಟದಿಂದ ತೆಳುಕಾಗದದ ಮೇಲೆ ರೇಖೆಗಳನ್ನು ಎತ್ತಿಕೊಂಡು, ಚೌಕಗಳನ್ನು ಹಾಕಿ ಹಿಗ್ಗಿಸಿ, ತೈಲವರ್ಣದಲ್ಲಿ ಬರೆದನು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ನಕಲುಗಾರನೆನ್ನಲು ಅಡ್ಡಿಯಿರಲಿಲ್ಲ. ಆದರೆ ಗಣಿಕೆಯ ಸುತ್ತಲೂ ಕೊಳ, ಬಿದಿರು, ನೈದಿಲೆ, ಕಪ್ಪೆ, ಕ್ರೌಂಚಗಳನ್ನು ತುಂಬಿದನು. ಆ ಕಾಲದ ಫ್ರೆಂಚರ ಆಡುಮಾತಿನಲ್ಲಿ ಕಪ್ಪೆ, ಕ್ರೌಂಚಗಳ ಹೆಸರುಗಳು ವೇಶ್ಯೆಯರಿಗೂ ಸಲ್ಲುತ್ತಿದ್ದುವು. ಚಿತ್ರದ ಅಂಚಿನಲ್ಲಿ ಶ್ಲೇಷ! ಆ ಪ್ರಾಣಿಗಳೂ ಬೇರೆ ಜಪಾನೀ ಚಿತ್ರಗಳಿಂದ ಬಂದವೇ. ಆದರೆ ಜೋಡಣೆಯಿಂದ ಹುಟ್ಟಿದ ಅರ್ಥವು ಅವನದು. ಇದು ತುಲ್ಯದೇಹಿ.

ಹಿರೋಶಿಗೆಯ 1857ರ ಎರಡು ಚಿತ್ರಗಳನ್ನು, ಎಂದರೆ ಹೂಬಿಟ್ಟ ಪ್ಲಮ್ ಮರವನ್ನೂ ಮಳೆಗೆ ಸಿಕ್ಕಿದ ಸೇತುವೆಯನ್ನೂ, ನೋಡಿ ಅದೇ ವರ್ಷ ಅವನು ಬರೆದ ಪಟಗಳನ್ನು ಈ ಮಟ್ಟಕ್ಕೆ ಏರಿಸಲಾರೆ. ಬಣ್ಣವು ಗಾಢವಾಗಿದೆ, ಕಲ್ಪನೆಯು ಹಿರೋಶಿಗೆಯದೇ. ಅಂಚಿನಲ್ಲಿ, ಓದಲು ಬಾರದಿದ್ದರೂ, ಜಪಾನೀ ಲಿಪಿಯನ್ನು ಬೇರೆಡೆಯಿಂದ ತಂದು ಬರೆದಿದ್ದಾನೆ. ಆದರೂ ಆ ಲಿಪಿಯೇ ಅವನ ಪರವಾದ ಸಾಕ್ಷಿ: ಮೂಲವು ಎಲ್ಲಿಯದೆಂಬುದನ್ನು ಅದು ಮುಚ್ಚಿಡದೆ ಸಾರುತ್ತದೆ. ಆಲೇಖ್ಯವೇ ಹೌದು, ಚೌರ್ಯವಲ್ಲ.

ಇಂದು ಹಳೆಯ ಚಿತ್ರವೊಂದನ್ನು ಎಡಬಲ ತಿರುಗಿಸಿ, ಬಣ್ಣವನ್ನು ಬದಲಿಸಿ, ಪುಸ್ತಕಕ್ಕೆ ಹೊದಿಸಿ, ಒಳಪುಟದಲ್ಲಿ ತನ್ನ ಹೆಸರೊಂದನ್ನೇ ಅಚ್ಚುಮಾಡಿಸಿದವನು ‘ಇದು ಗೌರವಾರ್ಪಣೆ’ ಎಂದರೆ, ಯಾರಿಗೆ ಎಂದು ಕೇಳಬೇಕಾಗುತ್ತದೆ. ಕವಿಗಾದರೋ ಬಹುಶ್ರುತರಾದ ಸಹೃದಯರು ಮೂಲವನ್ನು ಗುರುತಿಸುವರೆಂಬ ಭರವಸೆಯಿತ್ತು. ಮುಖಪುಟವನ್ನು ಮೊದಲು ಕಾಣುವವನು ಅಂಗಡಿಯ ಕಪಾಟಿನ ಮುಂದೆ ನಿಂತ ಗಿರಾಕಿ. ಅವನಿಗೆ ಮೂಲಕಾರನ ಹೆಸರು ತಿಳಿಯಲು ಒಳಪುಟದ ಆ ಒಂದು ಸಾಲಲ್ಲದೆ ಬೇರೆ ದಾರಿಯಿಲ್ಲ.