ಪ್ರಶ್ನೆಯೂ ಅವಿಶ್ವಾಸವೂ
ಮಂತ್ರಿಮಂಡಲವನ್ನು ಹೊಣೆಗಾರಿಕೆಗೆ ಒಳಪಡಿಸಲು ಅವಿಶ್ವಾಸ ಗೊತ್ತುವಳಿಯೇ ಮುಖ್ಯ ಸಾಧನವೆಂಬ ಪಠ್ಯಗ್ರಂಥಗಳ ಮಾತನ್ನು ನಾವು ಪೂರ್ಣವಾಗಿ ಒಪ್ಪಲಾರೆವು. 1963ರ ಆಗಸ್ಟಿನಲ್ಲಿ ಆಚಾರ್ಯ ಕೃಪಲಾನಿಯವರು ಲೋಕಸಭೆಯಲ್ಲಿ ಮಂಡಿಸಿದ ಮೊತ್ತಮೊದಲ ಅಂಥ ಗೊತ್ತುವಳಿಗೆ 62 ಮತಗಳು ದೊರೆತವು, ವಿರೋಧವಾಗಿ 347. ಬಹುಮತವುಳ್ಳ ಸರ್ಕಾರಕ್ಕೆ ಅದರ ಭಯವೇನು? ಆದರೆ ಅಂಥದೇ ಬಹುಮತವಿದ್ದ 1957ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಎದ್ದು ನಿಂತು, ಜೀವವಿಮಾ ನಿಗಮವು ಪಾಲಿಸಿದಾರರ 1 ಕೋಟಿಗೂ ಮೀರಿದ ಹಣವನ್ನು ಹರಿದಾಸ ಮುಂದ್ರಾ ಅವರ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ್ದೇಕೆಂದು ಕೇಳಿದರು. ಕೇಳಿದವರು ಪ್ರತಿಪಕ್ಷದವರಲ್ಲ, ಆಡಳಿತ ಪಕ್ಷದವರೇ, ಪ್ರಧಾನಿಗಳ ಅಳಿಯಂದಿರು! ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ಬಹಿರಂಗವಾಗಿಯೇ ನಡೆಯಿತು. 1958ರ ಫೆಬ್ರವರಿಯಲ್ಲಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆಯಿತ್ತರು, ಮತ ಎಣಿಸುವ ಪ್ರಸಂಗವೇ ಬರಲಿಲ್ಲ. ಅವರು 1963ರಲ್ಲಿ ಅದೇ ಖಾತೆಗೆ ಮರಳಿದರೆಂಬುದನ್ನೂ ವಿದ್ಯಾರ್ಥಿಗಳು ಮರೆಯತಕ್ಕದ್ದಲ್ಲ.