ಮಳೆಯ ಲೆಕ್ಕ ಪೆಟಾಫ್ಲಾಪ್‌ನಲ್ಲಿಲ್ಲ

2024ರ ಸೆಪ್ಟೆಂಬರ್‌ನಲ್ಲಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ‘ಅರ್ಕ’ ಮತ್ತು ನೋಯ್ಡಾದ ಹವಾಮಾನ ಮುನ್ಸೂಚನಾ ಕೇಂದ್ರ ಎನ್‌ಸಿಎಂಆರ್‌ಡಬ್ಲ್ಯುಎಫ್‌ನ ‘ಅರುಣಿಕಾ’ ಸೂಪರ್‌ಕಂಪ್ಯೂಟರ್‌ಗಳು ಉದ್ಘಾಟನೆಯಾದವು. ಸುದ್ದಿಯಲ್ಲಿ ಎದ್ದು ಕಂಡದ್ದು ಅಂಕಿಗಳು: 850 ಕೋಟಿ ರೂಪಾಯಿ, 11.77 ಮತ್ತು 8.24 ಪೆಟಾಫ್ಲಾಪ್. ಹಿಂದಿನ ‘ಪ್ರತ್ಯುಷ್’, ‘ಮಿಹಿರ್’ ಎರಡೂ ಕೂಡಿ 6.8 ಪೆಟಾಫ್ಲಾಪ್ ಇದ್ದವು. ಯಂತ್ರ ಮೂರು ಪಟ್ಟು ದೊಡ್ಡದಾಯಿತು, ಇನ್ನು ಮುನ್ಸೂಚನೆಯೂ ಅದೇ ಪ್ರಮಾಣದಲ್ಲಿ ಸುಧಾರಿಸುತ್ತದೆ ಎಂಬ ನಂಬಿಕೆ ಆಡಳಿತದಲ್ಲೂ ಓದುಗರಲ್ಲೂ ಬಲವಾಗಿದೆ.

ನಾನು ಇದನ್ನು ಒಪ್ಪುವುದಿಲ್ಲ. ಈ ಪೆಟಾಫ್ಲಾಪ್ ಅಂಕಿ ಹೇಳುವುದು ಯಂತ್ರ ಒಂದು ಸೆಕೆಂಡಿನಲ್ಲಿ ಮಾಡಬಲ್ಲ ಲೆಕ್ಕದ ಗರಿಷ್ಠ ಮಿತಿಯನ್ನು. ಹವಾಮಾನ ಮಾದರಿಗಳು ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ ಕೆಲವೇ ಪಾಲನ್ನು ಬಳಸಿಕೊಳ್ಳುತ್ತವೆ. ಗಾಳಿ, ತೇವ, ಉಷ್ಣತೆಗಳ ಸಮೀಕರಣ ಬಿಡಿಸುವಾಗ ಕೂಡಿ ಕಳೆಯುವ ಕೆಲಸಕ್ಕಿಂತ ಮೆಮೊರಿಯಿಂದ ಅಂಕಿ ಹೊತ್ತು ತರುವ ಕೆಲಸವೇ ಹೆಚ್ಚು. ನಾಟಿಗೆ ನೂರು ಆಳು ಇಳಿದಿದ್ದರೂ ಸಸಿಕಟ್ಟು ತಂದುಕೊಡುವವನು ಒಬ್ಬನೇ ಆದರೆ ಗದ್ದೆ ಮುಗಿಯುವುದಿಲ್ಲ. ಯಾವ ಅಂಕಿ ಯಾವಾಗ ಎಲ್ಲಿಗೆ ತಲುಪಬೇಕೆಂದು ತೀರ್ಮಾನಿಸುವುದು ಕೋಡ್.

2005ರ ಸುಮಾರಿನವರೆಗೆ ಕೋಡಿನ ಈ ಕೊರತೆ ಅಷ್ಟಾಗಿ ಕಾಡಲಿಲ್ಲ. ಪ್ರೊಸೆಸರ್‌ಗಳ ವೇಗ ಏರುತ್ತಲೇ ಇತ್ತು, ಹಳೆಯ ಫೋರ್ಟ್ರಾನ್ ಕೋಡ್ ಯಾರೂ ಕೈಯಿಡದೆಯೇ ಚುರುಕಾಗುತ್ತಿತ್ತು. ಆಮೇಲೆ ಆ ಏರಿಕೆ ನಿಂತಿತು. ಹೊಸ ಶಕ್ತಿ ಬಂದದ್ದು ಸಾವಿರಾರು ಸಣ್ಣ ಲೆಕ್ಕಗಳನ್ನು ಒಟ್ಟಿಗೇ ಮಾಡುವ ಜಿಪಿಯುಗಳಿಂದ. ಅಮೆರಿಕದ ಓಕ್ ರಿಜ್‌ನಲ್ಲಿರುವ ‘ಫ್ರಂಟಿಯರ್’ 2022ರಲ್ಲಿ ಎಕ್ಸಾಫ್ಲಾಪ್ (ಸಾವಿರ ಪೆಟಾಫ್ಲಾಪ್) ಗಡಿ ದಾಟಿದಾಗ ಅದರ ಶಕ್ತಿಯ ಬಹುಪಾಲು ಇದ್ದದ್ದು 37 ಸಾವಿರಕ್ಕೂ ಹೆಚ್ಚು ಜಿಪಿಯುಗಳಲ್ಲಿ. ಹಳೆಯ ಕೋಡನ್ನು ಹಾಗೆಯೇ ತಂದು ಓಡಿಸಿದರೆ ಅವುಗಳಲ್ಲಿ ಒಂದಕ್ಕೂ ಕೆಲಸವಿಲ್ಲ.

ಅಮೆರಿಕದ ಇಂಧನ ಇಲಾಖೆಯ ಪ್ರಯೋಗಾಲಯಗಳು ಈ ಯಂತ್ರ ಬರುವುದಕ್ಕೆ ಎಷ್ಟೋ ಮೊದಲೇ ಕೋಡ್ ಬರೆಯಲು ಕೂತವು. ‘ಸ್ಕ್ರೀಮ್’ ಎಂಬ ವಾಯುಮಂಡಲ ಮಾದರಿಯನ್ನು ಸಿ++ನಲ್ಲಿ, ‘ಕೊಕ್ಕೋಸ್’ ಲೈಬ್ರರಿಯ ಮೇಲೆ ಹೊಸದಾಗಿ ಬರೆದರು. ಒಂದೇ ಕೋಡ್ ಬೇರೆ ಬೇರೆ ಕಂಪನಿಗಳ ಚಿಪ್‌ಗಳ ಮೇಲೆ ಓಡಬೇಕೆಂಬುದು ಉದ್ದೇಶ. ಫ್ರಂಟಿಯರ್‌ನಲ್ಲಿ ಅದು ಇಡೀ ಭೂಮಿಯನ್ನು 3.25 ಕಿ.ಮೀ. ಚೌಕಗಳಲ್ಲಿ ಹಿಡಿದು, ಒಂದೇ ದಿನದಲ್ಲಿ ಒಂದು ವರ್ಷಕ್ಕೂ ಹೆಚ್ಚಿನ ಹವಾಮಾನವನ್ನು ಲೆಕ್ಕ ಹಾಕಿತು. ಹವಾಮಾನ ಮಾದರಿಗಳಿಗೆಂದೇ 2023ರಲ್ಲಿ ಮೊದಲ ಸಲ ಕೊಟ್ಟ ಗಾರ್ಡನ್ ಬೆಲ್ ಪ್ರಶಸ್ತಿ ಈ ತಂಡಕ್ಕೆ ಸಂದಿತು.

ಇಂಥ ಕೆಲಸವನ್ನು ಗುಮಾಸ್ತಿಕೆಯಂತೆ ಕಾಣುವವರಿದ್ದಾರೆ. ವಿಜ್ಞಾನ ಸಮೀಕರಣದಲ್ಲಿದೆ, ಕೋಡ್ ಬರೆಯುವುದು ಯಾರಿಂದಲೂ ಆಗುತ್ತದೆ ಎಂಬುದು ಅವರ ವಾದ. ನನ್ನ ದೊಡ್ಡ ತಕರಾರು ಇಲ್ಲೇ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 0.506127 ಎಂಬುದರ ಬದಲು 0.506 ಎಂದು ಕೊಟ್ಟು ಲೆಕ್ಕವನ್ನು ಮತ್ತೆ ಓಡಿಸಿದಾಗ ಪೂರ್ತಿ ಬೇರೆಯೇ ಹವೆ ಹೊರಬಂತು. ಜಿಪಿಯು ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಕೊನೆಯ ಅಂಕೆ ಬದಲಾಗುತ್ತದೆ. ಮಾದರಿಯೊಳಗೆ ಕೆಲವು ವಾರ ಕಳೆಯುವಷ್ಟರಲ್ಲಿ ಹೊಸ ಕೋಡಿನ ಚಂಡಮಾರುತ ಹಳೆಯದರ ಜಾಗದಲ್ಲಿರುವುದಿಲ್ಲ. ಇದು ಪ್ರಕೃತಿಯ ಗುಣವೋ, ಬರೆದವರ ತಪ್ಪೋ? ಹೇಳಬೇಕಾದರೆ ಮಾದರಿಯನ್ನು ಹತ್ತಾರು ಸಲ ಓಡಿಸಿ ಸರಾಸರಿಗಳನ್ನೂ ಏರಿಳಿತಗಳನ್ನೂ ಹೋಲಿಸಬೇಕು. ಸ್ಕ್ರೀಮ್ ತಂಡ ಮೋಡದ ಭೌತವಿಜ್ಞಾನದ ಒಂದೊಂದು ತುಣುಕನ್ನೂ ಹಳೆಯ ಫೋರ್ಟ್ರಾನ್ ಜೊತೆ ಕೊನೆಯ ಬಿಟ್‌ವರೆಗೆ ತಾಳೆ ನೋಡಿತು. ಮೋಡವನ್ನೂ ಮೆಮೊರಿಯನ್ನೂ ಬಲ್ಲವರು ಮಾತ್ರ ಮಾಡಬಹುದಾದ ವಿಜ್ಞಾನ ಇದು.

ಭಾಷೆ ಬದಲಿಸಿದರೆ ಸಾಕು ಎನ್ನುವುದೂ ಸರಿಯಲ್ಲ. ಸ್ವಿಟ್ಜರ್ಲೆಂಡಿನ ಹವಾಮಾನ ಸಂಸ್ಥೆ ‘ಕಾಸ್ಮೊ’ ಮಾದರಿಯ ತಿರುಳನ್ನು ಸಿ++ನಲ್ಲಿ ಬರೆದು 2016ರಲ್ಲೇ ದಿನನಿತ್ಯದ ಮುನ್ಸೂಚನೆಯನ್ನು ಜಿಪಿಯುಗಳ ಮೇಲೆ ತಂದಿತು. ಮುಂದೆ ಅದೇ ಸಂಸ್ಥೆ ‘ಐಕಾನ್’ ಮಾದರಿಗೆ ಹೋದಾಗ ಆಯ್ದುಕೊಂಡದ್ದು ಫೋರ್ಟ್ರಾನ್ ಉಳಿಸಿಕೊಂಡು ಅದರೊಳಗೇ ಜಿಪಿಯುಗೆ ಸೂಚನೆ ಬರೆಯುವ ದಾರಿಯನ್ನು.

ಈ ವಿದ್ಯೆ ನಮಗೆ ಹೊಸದಲ್ಲ. 1986ರಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ‘ಫ್ಲೋಸಾಲ್ವರ್’ ಸಮಾಂತರ ಕಂಪ್ಯೂಟರ್ ಕೆಲಸ ಶುರುವಾಯಿತು. ದೆಹಲಿಯ ಕ್ರೇ ಯಂತ್ರದಲ್ಲಿ ಓಡುತ್ತಿದ್ದ ಟಿ-80 ಮುನ್ಸೂಚನಾ ಮಾದರಿಯನ್ನು ಯು.ಎನ್. ಸಿನ್ಹಾ ಅವರ ತಂಡ ತೊಂಬತ್ತರ ದಶಕದಲ್ಲಿ ಆ ಸ್ವದೇಶಿ ಯಂತ್ರಕ್ಕೆ ತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ರವಿ ನಂಜುಂಡಯ್ಯ ಅವರೊಡನೆ ಸೇರಿ ಆ ಕೋಡನ್ನು ಫೋರ್ಟ್ರಾನ್-90ರಲ್ಲಿ ಹೊಸದಾಗಿ ಕಟ್ಟಿತು. ಇಂದು ಜಗತ್ತು ಮಾಡುತ್ತಿರುವ ಕೆಲಸವೇ ಅದು. ಆದರೂ ನಾವು ನೆನಪಿಟ್ಟುಕೊಂಡಿರುವುದು ಅಮೆರಿಕ ಕ್ರೇ ಯಂತ್ರ ಕೊಡಲು ತಕರಾರು ಮಾಡಿದ ಕಥೆಯನ್ನು.

2025ರ ಮೇ ತಿಂಗಳಲ್ಲಿ ಚಾಲನೆಗೊಂಡ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಮುನ್ಸೂಚನಾ ಮಾದರಿ ನನ್ನ ವಾದಕ್ಕೆ ಪುರಾವೆ. ಚೌಕದ ಬದಿಯನ್ನು ಅರ್ಧಕ್ಕಿಳಿಸಿದರೆ ಲೆಕ್ಕ ಸುಮಾರು ಎಂಟು ಪಟ್ಟು ಏರುತ್ತದೆ. ಯಂತ್ರ ಬೆಳೆದದ್ದು ಮೂರೇ ಪಟ್ಟು. ಹಾಗಿದ್ದೂ 12 ಕಿ.ಮೀ.ಯಿಂದ 6 ಕಿ.ಮೀ.ಗೆ ಇಳಿಯಲು ಸಾಧ್ಯವಾದದ್ದರಲ್ಲಿ ಐಐಟಿಎಂ ವಿಜ್ಞಾನಿಗಳು ಮಾದರಿಯ ಗ್ರಿಡ್ಡನ್ನೇ ಬದಲಿಸಿದ್ದರ ಪಾಲು ದೊಡ್ಡದು. ಆ ಇಳಿಕೆ ನಮಗೆ ಎಷ್ಟು ಬೇಕಾಗಿದೆ ಎಂಬುದನ್ನು ಮಲೆನಾಡು ಹೇಳುತ್ತದೆ: ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರುವ ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪಟ್ಟಣದಲ್ಲಿ ಅದರ ಕಾಲು ಭಾಗವೂ ಇಲ್ಲ. ಘಟ್ಟದ ಏರಿನಲ್ಲಿ ಮೋಡ ಕಟ್ಟುವುದನ್ನು ನೇರವಾಗಿ ಲೆಕ್ಕ ಹಾಕಲು 6 ಕಿ.ಮೀ. ಕೂಡ ಸಾಲದು, ಮೂರರ ಆಸುಪಾಸಿಗೆ ಇಳಿಯಬೇಕು. ಅಲ್ಲಿಗೆ ಹೋಗುವ ದಾರಿ ಜಿಪಿಯುಗಳದ್ದು, ಅರ್ಕ–ಅರುಣಿಕಾಗಳಾದರೋ ಮುಖ್ಯವಾಗಿ ಸಾಮಾನ್ಯ ಪ್ರೊಸೆಸರ್‌ಗಳ (ಸಿಪಿಯು) ಯಂತ್ರಗಳು.

ಕೃತಕ ಬುದ್ಧಿಮತ್ತೆ ಬಂದಮೇಲೆ ಈ ತೊಂದರೆ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಗೂಗಲ್ ಡೀಪ್‌ಮೈಂಡ್‌ನ ‘ಗ್ರಾಫ್‌ಕಾಸ್ಟ್’, ಹುವಾವೆಯ ‘ಪಾಂಗು’ ಕಲಿತದ್ದು ಯುರೋಪಿನ ‘ಇಆರ್‌ಎ5’ ದತ್ತಾಂಶದಿಂದ. ಆ ದತ್ತಾಂಶ ತಯಾರಾದದ್ದು ಅವಲೋಕನಗಳನ್ನು ಭೌತಮಾದರಿಯೊಂದರ ಮೂಲಕ ಹಾಯಿಸಿ. ಮಾದರಿ ಒರಟಾದರೆ ಅದರಿಂದ ಕಲಿತದ್ದೂ ಒರಟೇ.

ಮುಂದಿನ ಸೂಪರ್‌ಕಂಪ್ಯೂಟರ್‌ನ ಟೆಂಡರ್ ಕರೆಯುವ ಮೊದಲು ಭೂವಿಜ್ಞಾನ ಸಚಿವಾಲಯ ಎರಡು ಕೆಲಸ ಮಾಡಲಿ. ಮಾದರಿಗಳ ಕೋಡ್ ಬರೆಯುವ, ಪರೀಕ್ಷಿಸುವ ತಂಡಗಳಿಗೆ ಅದೇ ಬಜೆಟ್ಟಿನಲ್ಲಿ ಕಾಯಂ ಹುದ್ದೆ ಕೊಡಲಿ. ಆ ಕೋಡನ್ನು ಬೆಂಗಳೂರು, ಧಾರವಾಡ, ಸುರತ್ಕಲ್‌ಗಳ ವಿದ್ಯಾರ್ಥಿಗಳು ತೆರೆದು ಓದುವಂತೆ, ತಿದ್ದಿ ಕಳಿಸುವಂತೆ ಸಾರ್ವಜನಿಕವಾಗಿಡಲಿ.