ಮಂಗಳವಿಲ್ಲದ ಕಥೆಗಳು

ಕಾದಂಬರಿಯನ್ನೂ ನಾಟಕವನ್ನೂ ವಿಮರ್ಶಿಸುವಷ್ಟು ಶ್ರದ್ಧೆಯಿಂದ ಕಿರುತೆರೆಯ ಧಾರಾವಾಹಿಗಳನ್ನು ವಿಮರ್ಶಿಸುವ ಪದ್ಧತಿಯು ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಅವು ವಿದ್ಯಾವಂತರು ಮಾತನಾಡತಕ್ಕ ವಿಷಯವೇ ಅಲ್ಲವೆಂದು ಕೆಲವರ ಭಾವನೆ. ಆದರೆ ಚಿತ್ರದುರ್ಗದ ಪೇಟೆಯ ಮನೆಗಳಲ್ಲಾಗಲಿ, ಹೊಳಲ್ಕೆರೆಯ ಅಡಕೆಯ ತೋಟದ ಮನೆಗಳಲ್ಲಾಗಲಿ, ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿ ಕೂಡಿ ಕುಳಿತು ಅನುಭವಿಸುವ ಕಥೆ ಯಾವುದೆಂದು ಕೇಳಿದರೆ ಉತ್ತರವು ಹೆಚ್ಚಾಗಿ ಒಂದೇ. ಇಷ್ಟು ಜನರ ಹೃದಯವನ್ನು ಪ್ರತಿದಿನವೂ ಮುಟ್ಟುವ ಕಥಾಪ್ರಕಾರವನ್ನು ನಗೆಯಾಡಿ ಬಿಟ್ಟುಬಿಡುವುದು ವಿಮರ್ಶೆಯ ಧರ್ಮವಲ್ಲ. ಆದುದರಿಂದ ನೋಡುವವರ ಪಕ್ಷದಿಂದ ಒಂದೇ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ: ಈ ಕಥೆಗಳು ಮುಗಿಯತಕ್ಕಲ್ಲಿ ಮುಗಿಯುತ್ತವೆಯೆ?

ನಮ್ಮ ಲಾಕ್ಷಣಿಕರು ರೂಪಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಹೇಳಿದ್ದಾರೆ. ಮುಖಸಂಧಿಯಲ್ಲಿ ಬಿತ್ತಿದ ಬೀಜವು ಅಡ್ಡಿ ಆತಂಕಗಳನ್ನು ದಾಟಿ ನಿರ್ವಹಣದಲ್ಲಿ ಫಲವಾಗಬೇಕು. ಶಾಸ್ತ್ರವನ್ನೋದದ ನಮ್ಮ ಸೀಮೆಯ ಮೂಡಲಪಾಯದ ಭಾಗವತರಿಗೂ ಈ ಮರ್ಮವು ತಿಳಿದಿತ್ತು. ಆಟವು ಎಷ್ಟು ಹೊತ್ತು ನಡೆದರೂ ಮಂಗಳವನ್ನು ಹಾಡದೆ ಅವರು ವೇಷವನ್ನು ಕಳಚುತ್ತಿರಲಿಲ್ಲ. ಮಂಗಳವಾಗುವವರೆಗೆ ಜನರೂ ಕಂಬಳಿ ಹೊದ್ದು ಕುಳಿತಿರುತ್ತಿದ್ದರು. ಕಥೆಯನ್ನು ಆರಂಭಿಸಿದವನು ಕೇಳುವವನಿಗೆ ಋಣಿಯಾಗುತ್ತಾನೆಂಬುದನ್ನು ಎರಡು ಪಕ್ಷದವರೂ ಅರಿತಿದ್ದರು.

ಈ ಋಣವು ತೀರದೆ ಉಳಿದುದಕ್ಕೆ 'ಮಗಳು ಜಾನಕಿ'ಯು ಒಂದು ನಿದರ್ಶನ. ಟಿ. ಎನ್. ಸೀತಾರಾಮ್ ಅವರ ನಿರ್ದೇಶನದಲ್ಲಿ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಆರಂಭವಾದ ಈ ಕಥೆಯಲ್ಲಿ ವಿದ್ಯೆಯೂ ಛಲವೂ ಉಳ್ಳ ಹೆಣ್ಣುಮಗಳೊಬ್ಬಳು ಪೋಲೀಸು ಅಧಿಕಾರಕ್ಕೆ ಏರುತ್ತಾಳೆ. ಅತ್ತೆಸೊಸೆಯರ ಕಲಹವನ್ನೇ ಬಂಡವಾಳ ಮಾಡಿಕೊಳ್ಳದೆ, ರಾಜಕಾರಣ, ನ್ಯಾಯ, ಮಧ್ಯಮವರ್ಗದ ಆತ್ಮಸಾಕ್ಷಿ ಇವುಗಳನ್ನು ಮನೆಯ ಮಾತಿನಲ್ಲಿ ಚರ್ಚಿಸಿದುದು ಇದರ ಹೆಚ್ಚಳ. 2020ರಲ್ಲಿ ಕೊರೋನಾ ವ್ಯಾಧಿಯಿಂದ ಚಿತ್ರೀಕರಣವು ನಿಂತಿತು. ಬೇರೆ ಹಲವು ಧಾರಾವಾಹಿಗಳು ಮತ್ತೆ ಎದ್ದು ನಡೆದವು. ಜಾನಕಿ ಮಾತ್ರ ನಡುದಾರಿಯಲ್ಲಿ ನಿಂತಳು. ಕಾದು ಕುಳಿತಿದ್ದವರಿಗೆ ಮಂಗಳವು ಕೇಳಿಸಲೇ ಇಲ್ಲ. ಆ ವರ್ಷದ ಕಷ್ಟವು ಎಲ್ಲರಿಗೂ ತಿಳಿದದ್ದೇ. ಆದರೂ ಎರಡು ವರ್ಷ ಜೊತೆಗೆ ನಡೆದವರಿಗೆ ಒಂದು ವಾರದ ಉಪಸಂಹಾರವಾದರೂ ಸಲ್ಲಬೇಕಾಗಿತ್ತು.

ಅಕಾಲದಲ್ಲಿ ನಿಲ್ಲಿಸುವುದು ಒಂದು ದೋಷವಾದರೆ, ಕಾಲ ಮೀರಿ ಎಳೆಯುವುದು ಅದರ ಒಡಹುಟ್ಟು. 'ತುಲಾ ಪಾಹತೇ ರೇ' ಎಂಬ ಮರಾಠಿ ಧಾರಾವಾಹಿಯು 2018ರ ಆಗಸ್ಟಿನಲ್ಲಿ ಮೊದಲಾಗಿ 2019ರ ಜುಲೈಯಲ್ಲಿ ಮುಗಿಯಿತು. ಅದೇ ಕಥೆಯು 'ಜೊತೆ ಜೊತೆಯಲಿ' ಎಂಬ ಹೆಸರಿನಿಂದ ಜೀ ಕನ್ನಡದಲ್ಲಿ 2019ರ ಸೆಪ್ಟೆಂಬರಿನಲ್ಲಿ ಆರಂಭವಾಗಿ 2023ರ ಮೇ ತಿಂಗಳವರೆಗೆ ನಡೆಯಿತು. ಅಲ್ಲಿ ಒಂದು ವರ್ಷಕ್ಕೆ ಸಾಕಾದ ಬೀಜವು ಇಲ್ಲಿ ಮೂರೂವರೆ ವರ್ಷಕ್ಕೂ ಮಿಕ್ಕಿ ಹಬ್ಬಿತು. ನಡುವೆ 2022ರಲ್ಲಿ ನಾಯಕನಟನೇ ಬದಲಾದುದರಿಂದ ಕಥಾನಾಯಕನ ಮುಖವು ಬದಲಾಗುವ ಪ್ರಸಂಗವನ್ನು ಹೊಂದಿಸಬೇಕಾಯಿತು. ಮೊದಲ ವರ್ಷದಲ್ಲಿ ವಯಸ್ಸಿನ ಅಂತರವನ್ನು ಮೀರಿದ ಒಲವು ಎಷ್ಟು ನಯವಾಗಿ ಚಿತ್ರಿತವಾಗಿತ್ತೆಂಬುದನ್ನು ನೆನೆದರೆ ಕೊನೆಯ ಭಾಗವು ಖೇದವನ್ನುಂಟುಮಾಡುತ್ತದೆ. ಬಾಲ್ಯವಿವಾಹವೆಂಬ ಗಂಭೀರವಾದ ಸಮಸ್ಯೆಯಿಂದ 2012ರಲ್ಲಿ ಹೊರಟ 'ಪುಟ್ಟಗೌರಿ ಮದುವೆ'ಯೂ ಸಾವಿರ ಸಂಚಿಕೆಗಳನ್ನು ದಾಟಿ, 2018ರ ಹೊತ್ತಿಗೆ ನಾಯಿಕೆಯು ಬೆಟ್ಟದಿಂದ ಬಿದ್ದು ಕಾಡಿನಲ್ಲಿ ಅಲೆಯುವ ಪ್ರಸಂಗದಿಂದಾಗಿ ಊರೆಲ್ಲರ ಪರಿಹಾಸಕ್ಕೆ ಗುರಿಯಾಯಿತು. ಬೀಜದಲ್ಲಿ ದೋಷವಿರಲಿಲ್ಲ; ಫಲವಾಗಲು ಬಿಡಲಿಲ್ಲ.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬಾರ್ಕ್ ಎಂಬ ಸಂಸ್ಥೆಯು 2015ರಿಂದ, ದೇಶದಲ್ಲಿ ಆಯ್ದ ಕೆಲವು ಹತ್ತು ಸಾವಿರ ಮನೆಗಳಲ್ಲಿ ಮಾಪಕಗಳನ್ನಿರಿಸಿ, ಯಾವ ಹೊತ್ತಿನಲ್ಲಿ ಯಾವ ವಾಹಿನಿಯನ್ನು ನೋಡಿದರೆಂಬುದನ್ನು ಎಣಿಸಿ ವಾರವಾರವೂ ಅಂಕಿಗಳನ್ನು ಕೊಡುತ್ತದೆ. ಜನರು ಟಿ. ಆರ್. ಪಿ. ಎನ್ನುವುದು ಇದನ್ನೇ. ಜಾಹೀರಾತಿನ ದರವು ಈ ಅಂಕಿಯನ್ನು ಅನುಸರಿಸುತ್ತದೆ. ಕಥೆಯ ಆಯುಷ್ಯವು ಜಾಹೀರಾತನ್ನು ಅನುಸರಿಸುತ್ತದೆ. ನೂರಾರು ಕಲಾವಿದರಿಗೂ ಕೆಲಸಗಾರರಿಗೂ ಅನ್ನವು ದೊರೆಯುವುದು ಈ ಹಣದಿಂದಲೇ ಆದುದರಿಂದ ಲೆಕ್ಕವೇ ಬೇಡವೆನ್ನುವುದು ಅವಿವೇಕ. ಆದರೆ ಎಷ್ಟು ಮಂದಿ ನೋಡಿದರೆಂಬುದನ್ನು ಮಾಪಕವು ಹೇಳಬಲ್ಲುದಲ್ಲದೆ, ಕಥೆಯು ಪಕ್ವವಾಯಿತೆ ಎಂಬುದನ್ನು ಹೇಳಲಾರದು. ಆ ನಿರ್ಣಯವು ಬರೆಯುವವನಿಗೆ ಸೇರಿದ್ದು.

ಅಂತ್ಯವು ತಿಳಿದರೆ ಜನರು ಆಸಕ್ತಿಯನ್ನು ಕಳೆದುಕೊಳ್ಳುತ್ತಾರೆಂದು ಕೆಲವರು ಆಕ್ಷೇಪಿಸಬಹುದು. ದುರ್ಗದವರಾದ ನಮಗೆ ಈ ಮಾತನ್ನು ಒಪ್ಪಲು ಸಾಧ್ಯವಿಲ್ಲ. ತ. ರಾ. ಸುಬ್ಬರಾಯರು ತಮ್ಮ ಕಾದಂಬರಿಗೆ 'ದುರ್ಗಾಸ್ತಮಾನ'ವೆಂದು ಹೆಸರಿಟ್ಟು ಅಂತ್ಯವನ್ನು ಮುಖಪುಟದಲ್ಲಿಯೇ ಸಾರಿದರು. 1779ರಲ್ಲಿ ಮದಕರಿನಾಯಕನು ಹೈದರನಿಗೆ ಸೋತನೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೂ 1982ರಿಂದ ಆ ಗ್ರಂಥವನ್ನು ಕೊನೆಯ ಪುಟದವರೆಗೆ ಓದದೆ ಇಟ್ಟವರು ಎಷ್ಟು ಮಂದಿ? ಅದೇ ಕಥೆಯು ಇಂದಿನ ಲೆಕ್ಕಕ್ಕೆ ಸಿಕ್ಕಿದ್ದರೆ, ಅಂಕಿಯು ಏರಿರುವಷ್ಟು ಕಾಲ ಕೋಟೆಯು ಬೀಳುತ್ತಲೇ ಇರಲಿಲ್ಲ. ಇಳಿದರೆ ಮುತ್ತಿಗೆಗೆ ಮೊದಲೇ ತೆರೆ ಬೀಳುತ್ತಿತ್ತು. ಎರಡರಲ್ಲಿಯೂ ಮದಕರಿಯ ದುರಂತಕ್ಕೆ ಇರುವ ಘನತೆಯು ನಮಗೆ ದಕ್ಕುತ್ತಿರಲಿಲ್ಲ.

ಕಿರುತೆರೆಯಲ್ಲಿಯೂ ಮೇಲ್ಪಂಕ್ತಿಗಳಿಗೆ ಕೊರತೆಯಿಲ್ಲ. ಸರಕಾರದ ದೂರದರ್ಶನವು ಹಿಂದೆ ಹದಿಮೂರು ಸಂಚಿಕೆಗಳ ಲೆಕ್ಕದಲ್ಲಿ ಧಾರಾವಾಹಿಗಳಿಗೆ ಅವಕಾಶ ಕೊಡುತ್ತಿತ್ತು. ಆ ಮಿತಿಯು ಬರೆಯುವವರಿಗೆ ಸಂಯಮವನ್ನು ಕಲಿಸಿತು. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಈ ಮೂವರು 1998ರಲ್ಲಿ ಕೊಟ್ಟ 'ಮಾಯಾಮೃಗ'ವು ದೀರ್ಘವಾಗಿದ್ದರೂ ಹದ ತಪ್ಪದೆ ಮುಗಿಯಿತು. ಆದುದರಿಂದಲೇ 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ 'ಮತ್ತೆ ಮಾಯಾಮೃಗ'ವು ಆರಂಭವಾದಾಗ ಜನರು ಹಳೆಯ ಬಂಧುಗಳನ್ನು ಕಂಡಂತೆ ಸಂತೋಷಪಟ್ಟರು. ಚೆನ್ನಾಗಿ ಮುಗಿದ ಕಥೆಗೆ ಮಾತ್ರವೇ ಮರುಹುಟ್ಟಿನ ಭಾಗ್ಯ.

ಹೊಸಬುಗಳಲ್ಲಿ ಗುಣವಿಲ್ಲವೆಂದು ನಾವು ಹೇಳುವುದಿಲ್ಲ. 2021ರ ಡಿಸೆಂಬರಿನಲ್ಲಿ ಬಂದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಗಂಡು ಸಂತಾನವಿಲ್ಲವೆಂದು ಗಂಡನು ತೊರೆದ ತಾಯಿಯಾಗಿ ಉಮಾಶ್ರೀಯವರು ತೋರಿದ ಅಭಿನಯವು ಯಾವ ರಂಗಭೂಮಿಗೂ ಭೂಷಣವಾಗತಕ್ಕದ್ದು. 2024ರ ಜನವರಿಯಲ್ಲಿ ಮೊದಲಾದ 'ಲಕ್ಷ್ಮೀ ನಿವಾಸ'ವು ಸ್ವಂತ ಮನೆಯೊಂದು ಬೇಕೆಂಬ ವೃದ್ಧ ದಂಪತಿಗಳ ಆಸೆಯಿಂದ ಹೊರಟಿತು. ಇದಕ್ಕಿಂತ ಸಹಜವಾದ ಬೀಜವಿಲ್ಲ. ಆದರೆ ದಿನಕ್ಕೊಂದು ಗಂಟೆಯನ್ನು ತುಂಬಬೇಕಾದ ಭಾರದಿಂದ ಆ ಸಹಜತೆಗೆ ಮೊದಲಿನಿಂದಲೇ ಅಪಾಯವಿತ್ತೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಮಾಡತಕ್ಕದ್ದೇನು? ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿ ನಾಡಿನ ಊರೂರುಗಳಿಗೆ ಒಯ್ಯುತ್ತ ಬಂದಿದೆ. ಪ್ರತಿಯೊಂದಕ್ಕೂ ಆದಿಯುಂಟು, ಅಂತ್ಯವುಂಟು. ಮರುವರ್ಷ ಹೊಸದು ಬರುವುದೆಂಬ ನೆಚ್ಚಿಗೆಯೂ ಉಂಟು. ವಾಹಿನಿಗಳೂ ಹೀಗೆಯೇ ಕಥೆಯ ಅವಧಿಯನ್ನು ಮೊದಲೇ ಸಾರಲಿ. ನಿಲ್ಲಿಸಲೇಬೇಕಾದ ಪಕ್ಷದಲ್ಲಿ, ಕಥೆಯನ್ನು ಮುಗಿಸುವಷ್ಟು ಸಂಚಿಕೆಗಳನ್ನು ಕೊಡುವುದಾಗಿ ಬರೆಯುವವರೊಡನೆ ಕರಾರು ಮಾಡಿಕೊಳ್ಳಲಿ. ನೋಡುವವರ ಪಾಲಿನ ಕರ್ತವ್ಯವೂ ಒಂದುಂಟು: ಕಥೆಯು ಸತ್ತ ಮೇಲೆಯೂ ಅಭ್ಯಾಸಬಲದಿಂದ ನೋಡುತ್ತಿರುವುದನ್ನು ಬಿಟ್ಟು, ಒಳ್ಳೆಯದು ನಿಂತಾಗ ಸುಮ್ಮನಿರದೆ ವಾಹಿನಿಗೆ ಎರಡು ಸಾಲು ಬರೆಯುವುದು. ಹಿರಿಯೂರಿನವರಿಗೆ ಕಾಯುವುದು ಹೊಸದಲ್ಲ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆಯು ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಆದರೆ ಕೆರೆಯು ಮಳೆಯನ್ನು ಕಾಯಬೇಕು. ಕಥೆಯ ಕೊನೆಯು ಮನುಷ್ಯರ ಕೈಯಲ್ಲಿದೆ.